ಒಡೆಯನ ಹೆಸರು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಂಪನಿಯೊಂದಕ್ಕೆ ಜನ್ಮಕೊಡುವ ಅಧಿಕಾರವು ಮೊದಲಿನಿಂದಲೂ ಆಯಾ ಸಂಸ್ಥಾನದ್ದು. ನೋಂದಣಿಯ ಶುಲ್ಕವನ್ನು ತನ್ನ ಬೊಕ್ಕಸಕ್ಕೆ ಸೆಳೆಯಬೇಕೆಂದು ಮೊದಲು ನ್ಯೂಜೆರ್ಸಿಯೂ, 1899ರಿಂದೀಚೆಗೆ ಡೆಲವೇರೂ ನಿಯಮಗಳನ್ನು ಸಡಿಲಿಸುತ್ತ ಬಂದುವು. 1977ರಲ್ಲಿ ವಯೋಮಿಂಗ್ ಸಂಸ್ಥಾನವು ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಎಂಬ ಹೊಸ ರೂಪವನ್ನೇ ಸೃಷ್ಟಿಸಿತು. ಕಂಪನಿಗೊಂದು ಹೆಸರು, ವಿಳಾಸ, ಪತ್ರ ಸ್ವೀಕರಿಸುವ ಒಬ್ಬ ಪ್ರತಿನಿಧಿ, ಇಷ್ಟಿದ್ದರೆ ಸಾಕಾಗಿತ್ತು. ನಿಜವಾದ ಒಡೆಯನಾರೆಂದು ವಿಚಾರಿಸುವ ಪದ್ಧತಿ ಬಹುಮಟ್ಟಿಗೆ ಎಲ್ಲಿಯೂ ಇರಲಿಲ್ಲ. ಪ್ರಾಮಾಣಿಕ ವರ್ತಕನಿಗೆ ಸೌಕರ್ಯವಾಗಿದ್ದ ಈ ಮೌನವೇ ಅಕ್ರಮ ಧನವನ್ನು ಬಚ್ಚಿಡುವವನಿಗೂ ಆಶ್ರಯವಾಯಿತು. ಸೆನೆಟರ್ ಕಾರ್ಲ್ ಲೆವಿನ್ 2008ರಲ್ಲಿಯೇ ಇದಕ್ಕೆ ಪರಿಹಾರವಾಗಿ ಮಸೂದೆಯನ್ನು ಮಂಡಿಸಿದರೂ, ಅಧ್ಯಕ್ಷರ ನಿರಾಕರಣೆಯನ್ನು ಮೀರಿ ಕಾಂಗ್ರೆಸ್ ಸಭೆಯು ಕಾರ್ಪೊರೇಟ್ ಪಾರದರ್ಶಕತಾ ಶಾಸನವನ್ನು ಅಂಗೀಕರಿಸುವ ಹೊತ್ತಿಗೆ 2021ರ ಜನವರಿ 1 ಬಂದಿತ್ತು.

ಆ ಶಾಸನದಂತೆ, ಶೇಕಡಾ 25ರಷ್ಟಾದರೂ ಪಾಲುಳ್ಳವರ ಹೆಸರನ್ನೂ, ಕಂಪನಿಯನ್ನು ವಾಸ್ತವವಾಗಿ ನಡೆಸುವವರ ಹೆಸರನ್ನೂ ಖಜಾನೆ ಇಲಾಖೆಗೆ ತಿಳಿಸಬೇಕಾಗಿತ್ತು. ಬೇಕೆಂದೇ ತಪ್ಪಿದವನಿಗೆ ದಿನವೊಂದಕ್ಕೆ 500 ಡಾಲರಿನ ದಂಡವೂ ಎರಡು ವರ್ಷಗಳವರೆಗಿನ ಸೆರೆವಾಸವೂ ವಿಹಿತವಾಗಿದ್ದುವು. ಇಪ್ಪತ್ತಕ್ಕಿಂತ ಹೆಚ್ಚು ನೌಕರರೂ 50 ಲಕ್ಷ ಡಾಲರಿಗೆ ಮೀರಿದ ವಹಿವಾಟೂ ಉಳ್ಳ ಸಂಸ್ಥೆಗಳಿಗೆ ವಿನಾಯಿತಿ ದೊರೆತುದರಿಂದ, ಭಾರವೆಲ್ಲವೂ ಕ್ಷೌರದಂಗಡಿ, ಹೋಟೆಲು, ಬಾಡಿಗೆ ಮನೆಗಳ ಒಡೆಯರ ಮೇಲೆ ಬಿದ್ದಿತು. ಶಾಸನದ ಉದ್ದೇಶವು ಯುಕ್ತವಾದುದೆಂದೇ ನಾನು ನಂಬುತ್ತೇನೆ. ಆದರೆ ಮುಂದೆ ನಡೆದುದು ಕಾನೂನಿಗೆ ತಲೆಬಾಗುವವನನ್ನೇ ಪೀಡಿಸಿತು.

2024ರ ಮಾರ್ಚಿಯಲ್ಲಿ ಅಲಬಾಮದ ನ್ಯಾಯಾಲಯವೊಂದು ಈ ಶಾಸನವು ಸಂವಿಧಾನದ ಮೇರೆಯನ್ನು ಮೀರಿದೆಯೆಂದು ತೀರ್ಪಿತ್ತಿತು. ಆದರೆ ಅದರ ರಕ್ಷೆ ವಾದಿಗಳಿಗೆ ಮಾತ್ರ ದೊರೆಯಿತು. ಹಳೆಯ ಕಂಪನಿಗಳಿಗೆ ವಿಧಿಸಿದ್ದ ಗಡುವು ವರ್ಷಾಂತ್ಯಕ್ಕೆ ತೀರುವುದರಲ್ಲಿತ್ತು. ಡಿಸೆಂಬರ್ 3ರಂದು ಟೆಕ್ಸಸ್‌ನ ನ್ಯಾಯಾಧೀಶರು ದೇಶಕ್ಕೆಲ್ಲ ಅನ್ವಯಿಸುವ ತಡೆಯಾಜ್ಞೆ ಹೊರಡಿಸಿದರು. 23ರಂದು ಮೇಲ್ಮನವಿ ನ್ಯಾಯಾಲಯದ ಒಂದು ಪೀಠವು ಅದನ್ನು ತಡೆಹಿಡಿಯಿತು. 26ರಂದು ಅದೇ ನ್ಯಾಯಾಲಯದ ಇನ್ನೊಂದು ಪೀಠವು ಆ ತಡೆಯಾಜ್ಞೆಗೆ ಮರಳಿ ಜೀವಕೊಟ್ಟಿತು. ಸಲಹೆ ಕೇಳಿ ಬಂದ ಅಂಗಡಿಯವನಿಗೆ ಆ ಕ್ರಿಸ್ಮಸ್ ವಾರದಲ್ಲಿ ಯಾವ ವಕೀಲನು ತಾನೇ ನಿಶ್ಚಿತವಾದ ಉತ್ತರ ಕೊಡಬಲ್ಲವನಾಗಿದ್ದ? ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯವು ಆ ತಡೆಯನ್ನು ಸರಿಸಿದರೂ, ಟೆಕ್ಸಸ್‌ನ ಮತ್ತೊಬ್ಬ ನ್ಯಾಯಾಧೀಶರ ಆಜ್ಞೆ ಫೆಬ್ರವರಿಯವರೆಗೂ ಅಡ್ಡನಿಂತಿತು. ಕೊನೆಗೆ 2025ರ ಮಾರ್ಚಿ 21 ಹೊಸ ಗಡುವಾಯಿತು. ಆ ದಿನವೇ ಖಜಾನೆ ಇಲಾಖೆಯು ಸ್ವದೇಶಿ ಕಂಪನಿಗಳೆಲ್ಲವನ್ನೂ ತಾತ್ಕಾಲಿಕ ನಿಯಮವೊಂದರಿಂದ ಬಿಡುಗಡೆ ಮಾಡಿತು.

ಆ ನಿಯಮವು ಕಾಂಗ್ರೆಸ್ಸಿನ ಶಾಸನವನ್ನು ರದ್ದುಗೊಳಿಸಲಿಲ್ಲ; ಇಲಾಖೆಯೊಂದು ಕೊಟ್ಟ ವಿನಾಯಿತಿಯನ್ನು ಮುಂದಿನ ಸರ್ಕಾರದ ಇಲಾಖೆ ಹಿಂತೆಗೆದುಕೊಳ್ಳಲು ಯತ್ನಿಸಬಹುದು.