ಮೈದಾನದ ಮಾಸ್ತರರು

ನಮ್ಮ ಉಡುಪಿಯ ಕಡೆ ‘ಆಟ’ವೆಂದರೆ ಮೊದಲು ನೆನಪಾಗುವುದು ಯಕ್ಷಗಾನ. ಅಲ್ಲಿ ಆಡಿಸುವ ಭಾಗವತರಿಗೆ ಸಲ್ಲುವ ಗೌರವ ಎಷ್ಟೆಂಬುದನ್ನು ನಾನು ಹೇಳಬೇಕಾದುದಿಲ್ಲ. ಆದರೆ ವಿದ್ಯಾಶಾಲೆಗಳ ಆಟದ ಮಾಸ್ತರರಿಗೆ ಆ ಭಾಗ್ಯ ಬಹುಕಾಲ ಒದಗಿರಲಿಲ್ಲ. ಆಡಿಸುವವನೂ ಅಧ್ಯಾಪಕನೇ ಎಂಬ ವಿಚಾರ ನಮ್ಮಲ್ಲಿಗೆ ಬಂದ ದಾರಿ ಬಲು ದೂರದ್ದು. ಅದರ ಆಚೆಯ ತುದಿಯಲ್ಲಿ ಅಮೆರಿಕದ ಒಬ್ಬ ಫುಟ್ಬಾಲ್ ತರಬೇತುದಾರರಿದ್ದಾರೆ.

ಅವರು ಆಮೋಸ್ ಅಲೋನ್ಜೊ ಸ್ಟ್ಯಾಗ್, ಹುಟ್ಟಿದ್ದು 1862ರಲ್ಲಿ. ಪಾದ್ರಿಯಾಗಬೇಕೆಂದು ಯೇಲ್‌ನಲ್ಲಿ ಧರ್ಮಶಾಸ್ತ್ರಕ್ಕೆ ತೊಡಗಿದವರು, ಉಪದೇಶದ ಮಾತು ತಮಗೆ ಒಲಿಯದೆಂದು ಕಂಡು ಅದನ್ನು ಬಿಟ್ಟರು. 1890ರಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಸೇರಿ, ಅಲ್ಲಿ ಫುಟ್ಬಾಲ್ ತಂಡ ಕಟ್ಟಿದರು. ಅದು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಅದೇ ತಂಡದಲ್ಲಿದ್ದ ಜೇಮ್ಸ್ ನೈಸ್ಮಿತ್ 1891ರಲ್ಲಿ ಬಾಸ್ಕೆಟ್‌ಬಾಲನ್ನು ರೂಪಿಸಿದರು. 1892ರಲ್ಲಿ ಶಿಕಾಗೊ ವಿಶ್ವವಿದ್ಯಾಲಯವು ಸ್ಟ್ಯಾಗರನ್ನು ಕರೆದದ್ದು ಕೂಲಿಯ ಆಟಗಾರನಾಗಿಯಲ್ಲ, ಪ್ರಾಧ್ಯಾಪಕ ವರ್ಗದವರಾಗಿ. 40 ವರ್ಷ ಅಲ್ಲಿ ಕಲಿಸಿ, ವಯಸ್ಸಾಯಿತೆಂದು ನಿವೃತ್ತಿಗೊಳಿಸಿದಾಗ, ಕ್ಯಾಲಿಫೋರ್ನಿಯದ ಕಾಲೇಜೊಂದಕ್ಕೆ ಹೋಗಿ ಮತ್ತೆ ಮೈದಾನಕ್ಕಿಳಿದರು. 1965ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ 1919ರಲ್ಲಿ ಭಾರತಕ್ಕೆ ಬಂದರು. ಆಗ ಶಾಲೆಗಳ ವ್ಯಾಯಾಮವೆಂದರೆ ಹೆಚ್ಚಾಗಿ ಪಿಂಚಣಿಯ ಸಿಪಾಯಿಗಳು ಮಾಡಿಸುತ್ತಿದ್ದ ಕವಾಯತು. ಕಲಿಸುವವನೇ ಮೊದಲು ಕಲಿಯಬೇಕೆಂದು ಬಗೆದು ಬಕ್ ಅವರು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ಬೆರಳೆಣಿಕೆಯ ವಿದ್ಯಾರ್ಥಿಗಳೊಂದಿಗೆ ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತದ ತಂಡದೊಡನೆ ಹೋದವರೂ ಅವರೇ. 1943ರಲ್ಲಿ ಮದ್ರಾಸಿನಲ್ಲೇ ಕಣ್ಮುಚ್ಚಿದರು.

ದಕ್ಷಿಣ ಕನ್ನಡವು 1956ರ ತನಕ ಮದ್ರಾಸಿಗೆ ಸೇರಿದ ಜಿಲ್ಲೆಯಾಗಿತ್ತು. ಹಾಗಾಗಿ ಮದ್ರಾಸಿನ ಗಾಳಿ ಘಟ್ಟ ದಾಟಿ ಇಲ್ಲಿಗೂ ಬೀಸಿತು. ಡಾ. ಟಿ. ಎಂ. ಎ. ಪೈಯವರ ಮುಂದಾಳುತನದಲ್ಲಿ 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1960ರಲ್ಲಿ ಕಾರ್ಕಳದ ಶ್ರೀ ಭುವನೇಂದ್ರ ಕಾಲೇಜು ತಲೆಯೆತ್ತುವ ಹೊತ್ತಿಗೆ ‘ಫಿಸಿಕಲ್ ಡೈರೆಕ್ಟರ್’ ಎಂಬ ಮಾತು ಜನರಿಗೆ ಹೊಸತಾಗಿರಲಿಲ್ಲ.

ಬೀಜ ಹೊರಗಿನದಾದರೂ ನೆಲ ಬಂಜೆಯಾಗಿರಲಿಲ್ಲ. ಕೋಟಿ ಚೆನ್ನಯರ ಗರಡಿಗಳು ತುಳುನಾಡಿನ ಉದ್ದಗಲಕ್ಕೂ ಇವೆ. ಪೊಳಲಿಯ ಜಾತ್ರೆಯಲ್ಲಿ ದೇವಿಯ ಮುಂದೆ ಚೆಂಡಾಡುವ ವಾಡಿಕೆಯೇ ಇದೆ. ಇಂದು ಕಾಪುವಿನಲ್ಲಿ, 1901ರ ದೀಪಸ್ತಂಭದ ಬುಡದ ಹೊಯಿಗೆಯ ಮೇಲೆ ವಾಲಿಬಾಲ್ ಆಡುವ ಹುಡುಗರಿಗೆ, ಆ ಆಟವನ್ನು 1895ರಲ್ಲಿ ಕಂಡುಹಿಡಿದ ವಿಲಿಯಂ ಮಾರ್ಗನ್ ಕೂಡ ಸ್ಪ್ರಿಂಗ್‌ಫೀಲ್ಡಿನವರೇ ಎಂಬುದು ತಿಳಿಯಬೇಕಾದುದಿಲ್ಲ. ಆಟ ಅಷ್ಟರಮಟ್ಟಿಗೆ ನಮ್ಮದಾಗಿದೆ.

ಆಟ ನಮ್ಮದಾಯಿತು, ಆಡಿಸುವವರು ನಮ್ಮವರಾದರೆ? ಯು.ಜಿ.ಸಿ.ಯ ವೇತನಶ್ರೇಣಿಯಲ್ಲಿ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೂ ಅಧ್ಯಾಪಕರಿಗೂ ಈಗ ಭೇದವಿಲ್ಲ. ಭೇದ ಉಳಿದಿರುವುದು ನಮ್ಮ ಮನಸ್ಸಿನಲ್ಲಿ. ಪರೀಕ್ಷೆ ಹತ್ತಿರ ಬಂದೊಡನೆ ಮೊದಲು ಕತ್ತರಿ ಬೀಳುವುದು ಆಟದ ಪೀರಿಯಡ್ಡಿಗೆ. ತಾಯಿತಂದೆಯರು ಅದಕ್ಕೆ ತಲೆದೂಗುತ್ತಾರೆ. ಸೋಲನ್ನು ಹಲ್ಲು ಕಚ್ಚಿ ಸಹಿಸುವುದನ್ನು, ಗೆದ್ದಾಗ ಸೋತವನ ಕೈ ಹಿಡಿಯುವುದನ್ನು ಯಾವ ಗಣಿತದ ಪುಸ್ತಕ ಕಲಿಸೀತು? ಉಪದೇಶ ಒಲಿಯದ ಸ್ಟ್ಯಾಗ್ ಮೈದಾನವನ್ನು ಆರಿಸಿಕೊಂಡದ್ದು, ಮಾತಿಗೆ ನಿಲುಕದ ಪಾಠವೂ ಒಂದುಂಟೆಂದು ನಂಬಿ. ಆ ಪಾಠಕ್ಕೆ ದಿನಕ್ಕೊಂದು ಗಂಟೆ ಕೊಟ್ಟರೆ ನಮ್ಮ ಮಕ್ಕಳ ಅಂಕಗಳೇನೂ ಸೊರಗಿಹೋಗವು.