ನಿಲ್ಲದ ನಾದಕ್ಕೆ ಹೊಸ ಕೈ

ಬಳ್ಳಾರಿ ಸೀಮೆಯ ಊರುಗಳಲ್ಲಿ ದೊಡ್ಡಾಟ ನಡೆಯುವ ರಾತ್ರಿ ಕಣ್ಣೆಲ್ಲ ರಂಗದ ಮೇಲಿದ್ದರೂ ಕಿವಿಯನ್ನು ಹಿಡಿದಿಡುವುದು ಹಿಮ್ಮೇಳ. ಅಲ್ಲಿ ಎರಡು ಬಗೆಯ ಧ್ವನಿಗಳಿರುತ್ತವೆ. ಮದ್ದಳೆಯ ಪೆಟ್ಟು ಹುಟ್ಟಿದ ಕ್ಷಣದಲ್ಲೇ ಸಾಯುತ್ತದೆ. ಮುಂದಿನ ಪೆಟ್ಟು ಹೊಸದಾಗಿ ಹುಟ್ಟಬೇಕು. ಹಾರ್ಮೋನಿಯಂನ ಶ್ರುತಿ ಹಾಗಲ್ಲ. ತಿದಿಯಲ್ಲಿ ಗಾಳಿ ಇರುವ ತನಕ ಅದು ಇದ್ದೇ ಇರುತ್ತದೆ. ಪಾತ್ರಧಾರಿ ಮಾತಿಗೆ ನಿಂತರೂ, ಪದ ಮುಗಿದರೂ, ಶ್ರುತಿ ಮಾತ್ರ ಕಾದು ಕುಳಿತಿರುತ್ತದೆ.

ಕುರುಗೋಡು ಭಾಗದ ಬಾದನಹಟ್ಟಿಯಂಥ ಊರಿನ ಪ್ರೇಕ್ಷಕನಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಗಣಕಯಂತ್ರದ ಮುಂದೆ ಕುಳಿತು ಸಂಗೀತ ಕಟ್ಟುವವರು ಇದೇ ವ್ಯತ್ಯಾಸವನ್ನು ಬಹಳ ಸುತ್ತಿ ಬಳಸಿ ಕಲಿಯಬೇಕಾಯಿತು. ಆ ಸುತ್ತು ದಾರಿಯ ಕಥೆ ಸ್ವಾರಸ್ಯಕರವಾಗಿದೆ.

ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಸಿಂಥಸೈಜರ್‌ನಲ್ಲಿ ಧ್ವನಿ ಹುಟ್ಟಿಸುವ ವಿದ್ಯುತ್ ಮಂಡಲಗಳು ಯಂತ್ರಕ್ಕೆ ವಿದ್ಯುತ್ ಹರಿಯುವಷ್ಟು ಹೊತ್ತೂ ಕಂಪಿಸುತ್ತಲೇ ಇರುತ್ತಿದ್ದವು. ಮನೆ ಒತ್ತಿದಾಗ ಹೊಸ ನಾದವೇನೂ ಹುಟ್ಟುತ್ತಿರಲಿಲ್ಲ. ಒಳಗೆ ಮೊದಲೇ ಇದ್ದ ನಾದಕ್ಕೆ ಬಾಗಿಲು ತೆರೆಯುತ್ತಿತ್ತು, ಅಷ್ಟೆ. ಸ್ವರದ ಎತ್ತರ, ನಾದದ ಬಣ್ಣ, ಗಟ್ಟಿತನ ಎಲ್ಲವನ್ನೂ ಏರಿಳಿಯುವ ವೋಲ್ಟೇಜು ನಿಯಂತ್ರಿಸುತ್ತಿತ್ತು. ಇಂಥ ಒಂದು ಯಂತ್ರ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತು. ಅದನ್ನು ಅಲ್ಲಿ ಸ್ಥಾಪಿಸಿದವರು ಡೇವಿಡ್ ಟ್ಯೂಡರ್.

1983ರಲ್ಲಿ ‘ಮಿಡಿ’ ಎಂಬ ಒಪ್ಪಂದ ಜಾರಿಗೆ ಬಂದು, ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತನಾಡತೊಡಗಿದವು. ಆ ಮಾತಿನ ತಿರುಳು ಎರಡೇ ಸಂದೇಶ: ‘ಸ್ವರ ಶುರು’, ‘ಸ್ವರ ಮುಗಿಯಿತು’. ಸ್ವರವನ್ನು ಬಾಗಿಸುವ ಸಂದೇಶವೂ ಇತ್ತಾದರೂ ಸಂಗೀತವೆಂದರೆ ಬಿಡಿ ಸ್ವರಗಳ ಸಾಲು ಎಂಬ ಕೀಲಿಮಣೆಯ ನೋಟವೇ ಮೇಲುಗೈ ಪಡೆಯಿತು. ಭಾರತಕ್ಕೆ ಈ ತಕರಾರು ಹೊಸದಲ್ಲ. ಹಾರ್ಮೋನಿಯಂನಲ್ಲಿ ಸ್ವರದಿಂದ ಸ್ವರಕ್ಕೆ ಜಾರಲಾಗದು, ಗಮಕ ನುಡಿಯದು ಎಂಬ ಆಕ್ಷೇಪ ಬಲವಾಗಿ, ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ನಿಷೇಧ ಸಡಿಲಗೊಂಡದ್ದು 1971ರಲ್ಲಿ.

ಈಚಿನ ‘ಲೈವ್ ಕೋಡಿಂಗ್’ ಸಂಗೀತದಲ್ಲಿ ಈ ಹಳೆಯ ಪ್ರಶ್ನೆ ಮತ್ತೆ ಎದ್ದಿದೆ. ಇಲ್ಲಿ ಕಲಾವಿದ ವೇದಿಕೆಯ ಮೇಲೆಯೇ ಗಣಕಕ್ಕೆ ಆಜ್ಞೆಗಳನ್ನು ಬರೆಯುತ್ತಾನೆ. ಬರೆದದ್ದು ಪರದೆಯ ಮೇಲೆ ಸಭಿಕರಿಗೂ ಕಾಣುತ್ತದೆ. ಬರೆದಂತೆ ಸಂಗೀತ ಬದಲಾಗುತ್ತದೆ. ಈ ಪಂಥದವರ ‘ಟಾಪ್‌ಲ್ಯಾಪ್’ ಕೂಟ 2004ರಲ್ಲಿ ರೂಪುಗೊಂಡಿತು. ಇಂಗ್ಲೆಂಡಿನ ಅಲೆಕ್ಸ್ ಮೆಕ್ಲೀನ್ ರೂಪಿಸಿದ ‘ಟೈಡಲ್ ಸೈಕಲ್ಸ್’ ಈ ಕ್ಷೇತ್ರದ ಹೆಸರಾದ ಸಾಧನ. ಒಂದು ಆವರ್ತದೊಳಗೆ ಯಾವ ಪೆಟ್ಟು ಎಲ್ಲಿ ಬೀಳಬೇಕೆಂಬ ವಿನ್ಯಾಸವನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಬರೆಯಬಹುದು.

ಆ ಬರಹದ ಬೇರು ನಮ್ಮ ನೆಲದಲ್ಲೂ ಇದೆ. 1980ರ ದಶಕದ ಆರಂಭದಲ್ಲಿ ಬರ್ನಾರ್ಡ್ ಬೆಲ್ ಮತ್ತು ಜೇಮ್ಸ್ ಕಿಪ್ಪೆನ್ ಲಖನೌದ ತಬಲಾ ಕಾಯಿದಾಗಳ ವ್ಯಾಕರಣವನ್ನು ಗಣಕಕ್ಕೆ ಕಲಿಸಲು ‘ಬೋಲ್ ಪ್ರೊಸೆಸರ್’ ಎಂಬ ತಂತ್ರಾಂಶ ಬಳಸಿದರು. ಮೆಕ್ಲೀನರ ಬರಹ ಪದ್ಧತಿಯ ಮೇಲೆ ಅದರ ಪ್ರಭಾವವಿದೆ. ಲಖನೌದ ಉಸ್ತಾದರು ಬಾಯಲ್ಲಿ ಹೇಳುತ್ತಿದ್ದ ಬೋಲುಗಳ ಕ್ರಮ ಹೀಗೆ ಯೂರೋಪಿನ ನೃತ್ಯಶಾಲೆಗಳವರೆಗೆ ಹೋಯಿತು.

ಆದರೆ ಬೋಲು ಎಂದರೆ ಪೆಟ್ಟು. ಟೈಡಲ್‌ನಲ್ಲಿ ವಿನ್ಯಾಸದ ಒಂದೊಂದು ಘಟನೆಯೂ ಸಾಮಾನ್ಯವಾಗಿ ಒಂದೊಂದು ಹೊಸ ಸಿಂಥ್ ಅನ್ನು ಹುಟ್ಟಿಸುತ್ತದೆ. ಅದು ತನ್ನ ಅವಧಿ ಮುಗಿಸಿ ಅಳಿಯುತ್ತದೆ. ತಾಳಕ್ಕೆ ಇದು ಸೊಗಸು. ಆದರೆ ತಂಬೂರಿಯಂತೆ ಸದಾ ನುಡಿಯುವ ನಾದ ಬೇಕಾದಾಗ, ಅಥವಾ ಒಂದೇ ಉಸಿರಿನಲ್ಲಿ ಸ್ವರವನ್ನು ಜಾರಿಸಬೇಕಾದಾಗ ಈ ಕ್ರಮ ಸೋಲುತ್ತದೆ. ತುಂಡು ತುಂಡಾಗಿ ಹುಟ್ಟಿ ಸಾಯುವ ಸ್ವರಗಳಲ್ಲಿ ಗಮಕಕ್ಕೆ ಎಡೆ ಎಲ್ಲಿ?

ಇದಕ್ಕೆ ಪರಿಹಾರ ಒಂದು ಸಿಂಥ್ ಅನ್ನು ಒಮ್ಮೆ ಮಾತ್ರ ಹುಟ್ಟಿಸಿ ಬಾಳಲು ಬಿಡುವುದು. ಟೈಡಲ್‌ಗೆ ಧ್ವನಿ ಕೊಡುವುದು ಜೇಮ್ಸ್ ಮೆಕಾರ್ಟ್ನಿ 1996ರಲ್ಲಿ ಹೊರತಂದ ‘ಸೂಪರ್‌ಕೊಲೈಡರ್’. ಅದರಲ್ಲಿ ನುಡಿಯುತ್ತಿರುವ ಪ್ರತಿ ಸಿಂಥ್‌ಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಆ ಸಂಖ್ಯೆ ಹೇಳಿ ‘ನಿನ್ನ ಸ್ವರ ಇಷ್ಟು ಏರಲಿ, ಬಣ್ಣ ಇಷ್ಟು ಮಂಕಾಗಲಿ’ ಎಂದು ಸಂದೇಶ ಕಳುಹಿಸಬಹುದು. ಇಲ್ಲವೇ ಎಲ್ಲರೂ ನೋಡಬಲ್ಲ ಕಪ್ಪುಹಲಗೆಯಂತಹ ಒಂದು ಜಾಗದಲ್ಲಿ ವಿನ್ಯಾಸವು ಅಂಕಿಗಳನ್ನು ಬರೆಯುತ್ತ ಹೋದರೆ ಸಿಂಥ್ ಅದನ್ನು ಓದಿ ತನ್ನನ್ನು ತಿದ್ದಿಕೊಳ್ಳುತ್ತದೆ. ಅಂಕಿ ಥಟ್ಟನೆ ಬದಲಾದರೆ ಧ್ವನಿಯಲ್ಲಿ ‘ಟಕ್’ ಎಂಬ ಸದ್ದು ಏಳಬಹುದಾದ್ದರಿಂದ ಹಳೆಯ ಬೆಲೆಯಿಂದ ಹೊಸದಕ್ಕೆ ಮೆಲ್ಲಗೆ ಜಾರುವ ಏರ್ಪಾಡನ್ನೂ ಮಾಡಿಕೊಳ್ಳಲಾಗುತ್ತದೆ.

ಈ ಜಾರುವಿಕೆ ಬಳ್ಳಾರಿಯವರಿಗೆ ಚೌಡಿಕೆಯಿಂದ ಪರಿಚಿತ. ಎಲ್ಲಮ್ಮನ ಪದ ಹಾಡುವ ಜೋಗತಿಯರ ಈ ವಾದ್ಯಕ್ಕೆ ಇರುವುದು ಒಂದೇ ತಂತಿ. ಅದರ ಬಿಗಿ ಬದಲಾದಂತೆ ಸ್ವರ ಏರುತ್ತದೆ, ಇಳಿಯುತ್ತದೆ. 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಈ ಪರಂಪರೆಯವರು. ಅವರ ಹುಟ್ಟೂರು ಕಲ್ಲುಕಂಬ ಕುರುಗೋಡಿಗೆ ದೂರವಲ್ಲ. ಮಿಡಿಯುವ ಬೆರಳು ತಾಳವನ್ನು ನೋಡಿಕೊಂಡರೆ ತಂತಿಯ ಬಿಗಿ ಸ್ವರವನ್ನು ನೋಡಿಕೊಳ್ಳುತ್ತದೆ. ಗಣಕದಲ್ಲಿಯೂ ಈ ಎರಡು ಕೆಲಸಗಳನ್ನು ಬೇರ್ಪಡಿಸಿದಾಗಲೇ ನಾದಕ್ಕೆ ಬಿಡುಗಡೆ.

ಬಿಡುಗಡೆಯೊಂದಿಗೆ ಹೊಣೆಯೂ ಬರುತ್ತದೆ. ಪೆಟ್ಟು ತಾನಾಗಿ ಸಾಯುತ್ತದೆ; ನಿಲ್ಲದ ನಾದವನ್ನು ಯಾರಾದರೂ ನಿಲ್ಲಿಸಬೇಕು. ವಿನ್ಯಾಸ ಮುಗಿದರೂ ಸಿಂಥ್ ಕೊನೆಗೆ ಕೇಳಿದ ಅಂಕಿಯಲ್ಲೇ ಹಟ ಹಿಡಿದು ನುಡಿಯುತ್ತಿರುತ್ತದೆ. ಮರೆತು ಎರಡನೆಯ ಸಲ ಹುಟ್ಟಿಸಿದರೆ ಎರಡು ನಾದಗಳು ಒಂದರ ಮೇಲೊಂದು ಬೀಳುತ್ತವೆ. ಶ್ರುತಿ ಹಿಡಿದವನು ಆಟ ಮುಗಿಯುವವರೆಗೆ ಎಚ್ಚರವಾಗಿರಬೇಕೆಂಬ ನಿಯಮ ಇಲ್ಲಿಯೂ ತಪ್ಪಿದ್ದಲ್ಲ.

ಶ್ರುತಿಯನ್ನು ಯಂತ್ರಕ್ಕೆ ಒಪ್ಪಿಸುವ ಕೆಲಸದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್‌ನಾರಾಯಣ್ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆ ಶ್ರುತಿ, ತಾಳ ಎರಡಕ್ಕೂ ಪೆಟ್ಟಿಗೆಗಳನ್ನು ಕೊಟ್ಟಿತು. ಅದರಿಂದ ಒಂಟಿಯಾಗಿ ಅಭ್ಯಾಸ ಮಾಡುವವರಿಗೆ ಬಹಳ ಉಪಕಾರವಾಯಿತು. ಕಳೆದುಹೋದದ್ದೂ ಉಂಟು. ಪೆಟ್ಟಿಗೆಯ ಶ್ರುತಿ ಒಮ್ಮೆ ಇಟ್ಟಲ್ಲೇ ಇರುತ್ತದೆ. ಗಾಯಕನ ದಣಿವು ಕಂಡು ತಿದಿಯನ್ನು ತುಸು ಮೆಲ್ಲಗೆ ಒತ್ತುವ, ಕಾಳಗದ ಪದಕ್ಕೆ ತುಸು ಜೋರು ಮಾಡುವ ಕೈ ಅದಕ್ಕಿಲ್ಲ.

ಲೈವ್ ಕೋಡಿಂಗ್‌ನವರು ಹುಡುಕುತ್ತಿರುವುದು ಆ ಕೈಯನ್ನೇ ಎನ್ನಬಹುದು. ನಾದ ತಡೆಯಿಲ್ಲದೆ ಹರಿಯಬೇಕು, ಆದರೆ ಅದನ್ನು ಕೇಳುತ್ತ ತಿದ್ದುವ ಮನುಷ್ಯನೊಬ್ಬ ಪಕ್ಕದಲ್ಲಿರಬೇಕು. ನಮ್ಮ ತಾಳದ ವ್ಯಾಕರಣ ಈಗಾಗಲೇ ಗಣಕದ ಸಂಗೀತಕ್ಕೆ ಸೇರಿದೆ. ಶ್ರುತಿಯ ಪಾಠ ಇನ್ನೂ ಪೂರ್ತಿ ಸೇರಬೇಕಾಗಿದೆ. ಅದನ್ನು ಕಲಿಸಬಲ್ಲವರು ಹಿಮ್ಮೇಳದಲ್ಲಿ, ಬೆಳಕು ಹೆಚ್ಚು ಬೀಳದ ಕಡೆ, ತಿದಿ ಒತ್ತುತ್ತ ಕುಳಿತಿದ್ದಾರೆ.