ಮಗುವಿನ ಬುದ್ಧಿಗೆ ಕನ್ನಡದ ಅಳತೆಗೋಲು

ವಿಜಯಪುರ ಜಿಲ್ಲೆಯ ತಿಕೋಟಾದಿಂದ ಪಶ್ಚಿಮಕ್ಕೆ ಹೊರಟರೆ ಮಹಾರಾಷ್ಟ್ರದ ಗಡಿ ದೂರವಿಲ್ಲ. ಕನ್ನಡದ ಜೊತೆಗೆ ಮರಾಠಿಯೂ ಕಿವಿಗೆ ಬೀಳುವ ಸೀಮೆ ಇದು. ‘ಹುಡುಗನಿಗೆ ವಯಸ್ಸಿಗೆ ತಕ್ಕ ಬುದ್ಧಿ ಬಂದಿಲ್ಲ’ ಎಂದು ಹಿರಿಯರು ಆಡುವ ಮಾತನ್ನು ಅಂಕಿಯಲ್ಲಿ ಹಿಡಿಯುವ ಮೊದಲ ಯತ್ನಗಳಲ್ಲೊಂದು ಇದೇ ಎರಡು ಭಾಷೆಗಳಲ್ಲಿ ನಡೆದದ್ದು ಅನೇಕರಿಗೆ ತಿಳಿಯದು.

ಇದರ ಮೂಲ ಪ್ಯಾರಿಸ್. ಶಾಲೆಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ವಿಶೇಷ ಪಾಠ ಕೊಡಲೆಂದು ಆಲ್‌ಫ್ರೆಡ್ ಬಿನೆ ಮತ್ತು ಸಿಮೊನ್ 1905ರಲ್ಲಿ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಹತ್ತು ವರ್ಷದ ಮಗು ಎಂಟು ವರ್ಷದವರ ಮಟ್ಟಕ್ಕಷ್ಟೇ ಉತ್ತರಿಸಿದರೆ ಅದರ ಮಾನಸಿಕ ವಯಸ್ಸು ಎಂಟು. ನಂತರ ಬಂದ ಲೆಕ್ಕದಲ್ಲಿ ಬುದ್ಧಿಲಬ್ಧ 80.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗಕ್ಕೆ ಇದನ್ನು ತಂದವರು ವಿ.ವಿ. ಕಾಮತ್. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಮಾಡಿದ ಪರಿಷ್ಕರಣೆಯನ್ನು ಅವರು 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಪುಸ್ತಕವೂ ಬಂತು. ಬರೀ ಅನುವಾದದಿಂದ ಆಗುವ ಕೆಲಸ ಇದಲ್ಲ. ಇಂಗ್ಲಿಷಿನಲ್ಲಿ ಸುಲಭವಾದ ಪದ ಕನ್ನಡದಲ್ಲಿ ಕಠಿಣವಾಗಬಹುದು. ಯಾವ ಪ್ರಶ್ನೆಗೆ ಯಾವ ವಯಸ್ಸಿನ ಹೆಚ್ಚಿನ ಮಕ್ಕಳು ಉತ್ತರಿಸುತ್ತಾರೆ ಎಂಬುದನ್ನು ಇಲ್ಲಿನ ಮಕ್ಕಳನ್ನೇ ಕೇಳಿ ಗೊತ್ತುಮಾಡಬೇಕು. ಅಂಥ ಶ್ರಮದ ಫಲವೇ ಬಿನೆ-ಕಾಮತ್ ಪರೀಕ್ಷೆ.

ಆದರೆ ಅಳೆಯಬೇಕಾದ ವಸ್ತುವೇ ಬೆಳೆಯುತ್ತಿರುತ್ತದಲ್ಲ! ಹುಟ್ಟಿದಾಗ ಮಗುವಿನ ಮಿದುಳಿನ ತೂಕ ದೊಡ್ಡವರದರ ಸುಮಾರು ಕಾಲುಭಾಗ. ಆರು ವರ್ಷದ ಹೊತ್ತಿಗೆ ಶೇ 90ರಷ್ಟು. ಮೊದಲ ವರ್ಷಗಳಲ್ಲಿ ನರಕೋಶಗಳ ನಡುವೆ ಹೇರಳವಾಗಿ ಕೊಂಡಿಗಳು ಬೆಸೆದುಕೊಳ್ಳುತ್ತವೆ. ಬಳಕೆಯಾದವು ಬಲಗೊಂಡು ಉಳಿದವು ಕಳಚುತ್ತವೆ. ಮುಂಭಾಗದ ಮಿದುಳು ಬಲಿಯಲು ಇಪ್ಪತ್ತು ವರ್ಷ ದಾಟಬೇಕು. ಹೊಟ್ಟೆಗೆ ಸಿಕ್ಕ ಅನ್ನ, ಕಿವಿಗೆ ಬಿದ್ದ ಮಾತು ಎಲ್ಲವೂ ಇದರಲ್ಲಿ ಸೇರಿವೆ. ಬುದ್ಧಿ ಕದಲದ ಗಂಟು ಎಂಬ ವಾದವನ್ನು ಸ್ವತಃ ಬಿನೆಯೇ ಕಟುವಾಗಿ ವಿರೋಧಿಸಿದ್ದರು. ಅಳತೆಗೋಲು ಊರೂರು ಸುತ್ತಿತು, ಎಚ್ಚರಿಕೆ ಮಾತ್ರ ಹಿಂದೆ ಉಳಿಯಿತು ಎನ್ನಬೇಕು.

ಕಾಮತರ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ, ಅದರಿಂದ ಸಿಗುವ ಸೌಲಭ್ಯಕ್ಕೆ ಬುದ್ಧಿಲಬ್ಧದ ಅಂಕಿಯೂ ಬೇಕು. 1930ರ ದಶಕದ ಮಕ್ಕಳ ಉತ್ತರಗಳಿಂದ ಕಟ್ಟಿದ ಅಳತೆ ಇದು. ತಲೆಮಾರಿನಿಂದ ತಲೆಮಾರಿಗೆ ಸರಾಸರಿ ಅಂಕ ಏರುತ್ತ ಬಂದಿರುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಹಳೆಯ ಅಳತೆಯಲ್ಲಿ ಇಂದಿನ ಮಗು ಇರುವುದಕ್ಕಿಂತ ಜಾಣನಾಗಿ ಕಂಡು ಸೌಲಭ್ಯದಿಂದ ಹೊರಗುಳಿಯಬಹುದು. ಇನ್ನೊಂದೆಡೆ, ತಂದೆತಾಯಿಯೊಂದಿಗೆ ಗುಳೆ ಹೋಗಿ ಶಾಲೆ ತಪ್ಪಿಸಿಕೊಂಡ ಮಗು ಪದಗಳ ಪ್ರಶ್ನೆಗೆ ತಡವರಿಸಿದರೆ ಅದು ಮಿದುಳಿನ ಕೊರತೆಯಲ್ಲ. ಆದ್ದರಿಂದಲೇ ತಜ್ಞರು ಅಂಕಿಯೊಂದನ್ನೇ ನಂಬುವುದಿಲ್ಲ. ಮಗು ತಾನೇ ಉಣ್ಣುತ್ತದೆಯೇ, ಬಟ್ಟೆ ತೊಡುತ್ತದೆಯೇ, ಅಂಗಡಿಗೆ ಹೋಗಿ ಚಿಲ್ಲರೆ ಸರಿಯಾಗಿ ತರುತ್ತದೆಯೇ ಎಂದು ತಾಯಿಯನ್ನೂ ಕೇಳುತ್ತಾರೆ.